ರೊಟ್ಟಿ ಕಾಕು ಕಟ್ಟಿದ ನೀಲಿ ನೀರು

ರೊಟ್ಟಿ ಕಾಕುನ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಜೋಳದ ಹಿಟ್ಟು ಬಡಿದು ಬಡಿದು ಆ ಕೈ ತಿಕ್ಕಿ ತೊಳೆದ ಹಲಗೆಯಂತೆ ನುಣ್ಣಗಾಗಿತ್ತು. ಹೆಬ್ಬೆರಳ ಬುಡದಲ್ಲಿ ಮಾತ್ರ ಚರ್ಮ ದಪ್ಪಗಟ್ಟಿ ಹಳದಿಗೆ ತಿರುಗಿತ್ತು. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ನಮ್ಮ ಓಣಿಗೆ ಬಂದಿದ್ದ. ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಕೈ ಚಾಚಿ ನಿಂತರು, ಯಾಕೆಂದರೆ ಮೊದಲನೆಯಾಕೆ ಚಾಚಿದ್ದಳು. ಕಡೆಗೆ ಅವನು ಕಾಕುನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ತಲೆ ಕೆರೆದುಕೊಂಡ. "ನನ್ನ ಹಣೇಬಾರ ಹಿಟ್ಟಿನ್ಯಾಗ ಹೋಗೇತಪಾ. ಒಂದು ರೊಟ್ಟಿ ತಿಂದು ಹೋಗು, ನಿನ್ನ ಹೊಟ್ಟ್ಯಾಗ ಹುಡುಕು" ಎಂದು ಕಾಕು ಅವನಿಗೆ ಪಲ್ಯ ಹಾಕಿಕೊಟ್ಟು ಕಳಿಸಿದರು.

ನಾನು ಮದುವೆಯಾಗಿ ಧಾರವಾಡದಿಂದ ಬೈರಿದೇವರಕೊಪ್ಪದ ಈ ಓಣಿಗೆ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಮ್ಮವ್ವ ನೌಕರಿಗೆ ಹೋಗುವಾಕೆ, ಮನೆಯಲ್ಲಿ ಚಪಾತಿಯೇ ನಡೆಯುತ್ತಿತ್ತು. ಎದುರುಮನೆಯ ಕಾಕು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುತ್ತಾರೆಂದು ತಿಳಿದು ಕಲಿಯಲು ಹೋದೆ.

"ಧಾರವಾಡದಾಕಿ. ಮಾತು ಭಾಳ ನಯ, ರೊಟ್ಟಿ ಬರಂಗಿಲ್ಲ," ಎಂದರು ಕಾಕು. "ಅಲ್ಲೆ ಮಂದಿ ಮಾತನ್ನ ತಿಂದು ಬದುಕ್ತಾರೇನು?"

ಹೀಗೆ ಹೇಳಿದವರು ಮಣೆಯನ್ನೂ ಹಾಕಿಕೊಟ್ಟರು. ಅವರ ಕಲಿಸುವ ರೀತಿ ಅಂದರೆ ಏನೂ ಹೇಳದಿರುವುದು. ನಾನು ಅವರ ಕೈಯನ್ನೇ ನೋಡುತ್ತ ಅವರು ಮಾಡಿದ ಹಾಗೆಯೇ ಮಾಡತೊಡಗಿದೆ. ಅವರು ಬಡಿಯುವಾಗ ಕಿರುಬೆರಳು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಅದೇ ಇದರ ಗುಟ್ಟು ಇರಬೇಕೆಂದು ನಾನೂ ಕಿರುಬೆರಳು ಎತ್ತಿ ಬಡಿದೆ. ಕಾಕು ನೋಡಿ ನನ್ನ ಕೈ ಮೇಲೆ ಚಟ್ಟನೆ ಒಂದು ಕೊಟ್ಟರು.

"ನನ್ನ ಬೆರಳು ಸಣ್ಣಾಕಿದ್ದಾಗ ಮುರದೈತಿ, ಅದಕ್ಕ ಅದು ಬಗ್ಗಂಗಿಲ್ಲ. ನಿಂದೇನಾಗೇತಿ, ಧಾಡಿ? ಕಂಡಿದ್ದನ್ನ ಮಾಡಬ್ಯಾಡವಾ. ಯಾಕ ಮಾಡಾಕತ್ತೇನಿ ಅನ್ನೂದನ್ನ ನೋಡು."

ಆ ಮಾತನ್ನು ನಮ್ಮ ಓಣಿಯ ಪ್ರತಿ ಗೇಟಿನ ಮೇಲೂ ಬರೆಸಬೇಕು ಎಂದು ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ. ಬರೆಸಿದರೂ ಏನಾದೀತು, ಅಕ್ಷರದ ಬಣ್ಣ ಚೆನ್ನಾಗಿದೆ ಎಂದು ಹಿಂದಿನ ಓಣಿಯವರೂ ಬರೆಸಿಯಾರು.

ನಮ್ಮ ಓಣಿಯ ಮಂದಿಗೆ ಬುದ್ಧಿ ಇಲ್ಲ ಎಂದು ನಾನು ಅನ್ನುವುದಿಲ್ಲ. ಇದೆ, ಆದರೆ ಅದು ಯಾವಾಗಲೂ ಪಕ್ಕದ ಮನೆಯವರದು. ಒಬ್ಬರು ಗೇಟಿನ ಮೇಲೆ ಕಬ್ಬಿಣದ ನವಿಲು ಮಾಡಿಸಿದರು. ವರ್ಷ ತುಂಬುವುದರೊಳಗೆ ಓಣಿಯ ಈ ತುದಿಯಿಂದ ಆ ತುದಿಗೆ ನವಿಲು ಕೂತವು, ಎಲ್ಲವೂ ಒಂದೇ ಕಡೆ ಕತ್ತು ತಿರುಗಿಸಿಕೊಂಡು. ಒಬ್ಬರು ಗೋಡೆಗೆ ಬದನೆಕಾಯಿ ಬಣ್ಣ ಹೊಡೆಸಿದರು, ಓಣಿಗೆ ಓಣಿಯೇ ಬದನೆಕಾಯಿ ಆಯಿತು. ಯಾಕ್ರೀ ಈ ಬಣ್ಣ ಎಂದು ಕೇಳಿದರೆ "ಎಲ್ಲಾರೂ ಹೊಡಿಸ್ಯಾರಲ್ರೀ" ಅನ್ನುತ್ತಾರೆ. ಆ ಎಲ್ಲಾರೂ ಯಾರು ಎಂದು ಹುಡುಕಿಕೊಂಡು ಹೋದರೆ ಪ್ರತಿಯೊಬ್ಬರೂ ಇನ್ನೊಬ್ಬರ ಮನೆಯ ಕಡೆ ಕೈ ತೋರಿಸುತ್ತಾರೆ.

ಇಂಥ ಓಣಿಯಲ್ಲಿ ಕಾಕಾನ ಕಣ್ಣು ಹೋಗತೊಡಗಿತು. ಕಾಕಾ ಅಂದರೆ ಕಾಕುನ ಗಂಡ, ಬಸ್ ಡ್ರೈವರ್ ಆಗಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಬೆಳಕು ಮತ್ತು ಗಾಢವಾದ ಬಣ್ಣ ಬಿಟ್ಟರೆ ಅವರಿಗೆ ಮಿಕ್ಕಿದ್ದೆಲ್ಲ ಮಂಜಾಗಿತ್ತು. ಅದನ್ನು ಯಾರಿಗೂ ಹೇಳಬಾರದೆಂದು ಹೆಂಡತಿಯಿಂದ ಆಣೆ ತೆಗೆದುಕೊಂಡಿದ್ದರು. "ನನ್ನ ಕಣ್ಣಿನ ಮ್ಯಾಲ ಭಾರ ಹಾಕಿ ಬಸ್ ತುಂಬ ಮಂದಿ ನಿದ್ದಿ ಹೊಡೀತಿದ್ರು. ಈಗ ಅದ ಮಂದಿ ಬಾಯಿಂದ ಕುರುಡ ಅನಿಸ್ಕೋಬೇಕೇನು?" ಅನ್ನುತ್ತಿದ್ದರಂತೆ. ಮಗ ಸೊಸೆ ಇಬ್ಬರೂ ಲಕಮನಹಳ್ಳಿಯ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುವವರು. ಕಾಕಾ ದಿನಾ ಸಂಜೆ ಒಬ್ಬರೇ ಓಣಿಯ ತುದಿಯ ಚಹಾದಂಗಡಿಗೆ ಹೋಗಿ, ಹಳೇ ಗೆಳೆಯರ ಜೊತೆ ಕೂತು, ಹೊತ್ತು ಮುಳುಗುವ ಮೊದಲು ಹೊಳ್ಳಿ ಬರುತ್ತಿದ್ದರು. ಕೈ ಹಿಡಿದು ಕರೆದೊಯ್ಯಲು ಯಾರನ್ನೂ ಬಿಡುತ್ತಿರಲಿಲ್ಲ. ಆ ಒಂದು ಟ್ರಿಪ್ ನಿಂತರೆ ತಾನು ಮನೆಯೊಳಗಿನ ಸಾಮಾನು ಎಂದು ಅವರ ತಿಳಿವಳಿಕೆ.

ಒಂದೇ ಬಣ್ಣದ ಗೋಡೆ, ಒಂದೇ ನವಿಲಿನ ಗೇಟುಗಳ ನಡುವೆ ತಮ್ಮ ಮನೆ ಯಾವುದೆಂದು ತಿಳಿಯದೆ ಅವರು ಒಂದೆರಡು ಸಲ ತಡವರಿಸಿದ ಮೇಲೆ ಕಾಕು ಒಂದು ಉಪಾಯ ಮಾಡಿದರು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕದಡಿ, ದೊಡ್ಡ ಬಾಟ್ಲಿಯಲ್ಲಿ ತುಂಬಿ ಗೇಟಿಗೆ ಕಟ್ಟಿದರು. ಸಂಜೆಯ ಬಿಸಿಲು ಬಿದ್ದಾಗ ಆ ನೀರು ಹೊಳೆಯುತ್ತಿತ್ತು. ಕಾಕಾ ಆ ಹೊಳಪನ್ನು ಹಿಡಿದು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಸಾಹೇಬರ ಹಾಗೆ ನೆಟ್ಟಗೆ ಮನೆಗೆ ಬರುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಕಾಕುನ ಬಾಯಿಂದಲೇ.

ನಮ್ಮ ಮೂಲೆಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರರೊಬ್ಬರಿದ್ದಾರೆ. ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಬಲ್ಲವರು. ಮರುದಿನವೇ ಬಂದು ಕಾಕುನ ಗೇಟಿನ ಮುಂದೆ ನಿಂತರು.

"ಏನ್ರೀ ಕಾಕು, ಇದೇನಿದು ನೀಲಿ ನೀರು?"

ಕಾಕುನ ಕೈ ತುಂಬ ಹಿಟ್ಟು, ತಲೆಯಲ್ಲಿ ಗಂಡನಿಗೆ ಕೊಟ್ಟ ಮಾತು. ಗೇಟಿನ ಬುಡದಲ್ಲಿ ಓಣಿಯ ಕಂದು ನಾಯಿ ಮಲಗಿತ್ತು. ಅದನ್ನು ನೋಡಿ, "ನಾಯಿ ಬರಬಾರದಂತ್ರೀ" ಎಂದುಬಿಟ್ಟರು.

"ಹೌದೇನ್ರೀ? ಇದಕ್ಕ ಅಂಜತಾವೇನು?"

"ಭಾಳ ಅಂಜತಾವ್ರೀ."

ಅಂಜಬೇಕಾಗಿದ್ದ ನಾಯಿ ಮಲಗಿದಲ್ಲೇ ಬಾಲ ಅಲ್ಲಾಡಿಸಿತು. ಮ್ಯಾನೇಜರರು ಅದನ್ನು ದಾಟಿಕೊಂಡೇ ಮನೆಗೆ ಹೋದರು. ಹೋಗಿ ತಾವೂ ಒಂದು ಬಾಟ್ಲಿ ಕಟ್ಟಿದರು.

ಅಲ್ಲಿಂದ ಅದು ಹಬ್ಬಿತು ನೋಡಿ. ಮ್ಯಾನೇಜರರು ಕಟ್ಟಿದರೆಂದು ಅವರ ಪಕ್ಕದವರು, ಪಕ್ಕದವರು ಕಟ್ಟಿದರೆಂದು ಎದುರಿನವರು. ನಮ್ಮ ಮನೆಯವರೂ ಒಂದು ದಿನ ಬಾಟ್ಲಿ ಹಿಡಿದುಕೊಂಡು ಬಂದರು. "ನಮ್ಮ ಮನಿಗೆ ಯಾವ ನಾಯಿ ಬರತೈತ್ರೀ?" ಎಂದೆ. "ಎಲ್ಲಾರೂ ಕಟ್ಯಾರ. ನಾವು ಕಟ್ಟಲಿಲ್ಲಂದ್ರ ಎಲ್ಲಾ ನಾಯಿ ನಮ್ಮ ಮನಿಗೇ ಬರತಾವ" ಎಂದರು. ಎಂಜಿನಿಯರಿಂಗ್ ಓದಿದ ಮನುಷ್ಯ, ಅವರಿಗೆ ನಾನು ಏನು ಹೇಳಲಿ?

ಹಬ್ಬಿದ್ದಷ್ಟೇ ಅಲ್ಲ, ಹಬ್ಬುತ್ತ ಹೋದ ಹಾಗೆ ಬೆಳೆಯಿತು. ಒಂದು ಬಾಟ್ಲಿ ಸಾಲದು, ಜೋಡಿ ಇರಬೇಕು ಎಂದರು ಒಬ್ಬರು. ಅಮಾವಾಸ್ಯೆಗೆ ನೀರು ಬದಲಿಸದಿದ್ದರೆ ಶಕ್ತಿ ಹೋಗುತ್ತದೆ ಎಂದರು ಇನ್ನೊಬ್ಬರು. ಮತ್ತೊಬ್ಬರು ಒಳಗೆ ಒಂದು ಲಿಂಬೆಹಣ್ಣು ಬಿಟ್ಟು ದೃಷ್ಟಿಯೂ ತಾಗುವುದಿಲ್ಲ ಎಂದು ಸಾರಿದರು. ಸಂಬಂಧಿಕರ ಮನೆಗೆಂದು ಕಮರಿಪೇಟೆಗೆ ಹೋದರೆ ಅಲ್ಲಿಯೂ ನೀಲಿ ಬಾಟ್ಲಿ. ಬೇರೆ ಊರುಗಳಲ್ಲೂ ಕಂಡೆ. ಇಲ್ಲಿಂದ ಅಲ್ಲಿಗೆ ಹೋಯಿತೋ, ಅಲ್ಲಿ ಇನ್ನೊಬ್ಬ ಕಾಕು ಇನ್ನೊಬ್ಬ ಮ್ಯಾನೇಜರನಿಗೆ ಹೀಗೇ ಏನೋ ಹೇಳಿ ಸಾಗಹಾಕಿದ್ದಳೋ, ದೇವರಿಗೇ ಗೊತ್ತು. ಮಾತು ಬಾಯಿಂದ ಬಾಯಿಗೆ ಹೋಗುತ್ತ ಸವೆಯುತ್ತದೆ ಅನ್ನುತ್ತಾರೆ. ಖೊಟ್ಟಿ ಮಾತು ಸವೆಯುವುದಿಲ್ಲ, ಮನೆಮನೆಗೆ ಉಂಡು ದಪ್ಪಗಾಗುತ್ತದೆ.

ಒಂದು ಮಧ್ಯಾಹ್ನ ನಾನು ಹೋದಾಗ ಕಾಕು ಮೊಬೈಲು ಹಿಡಿದುಕೊಂಡು ಕೂತಿದ್ದರು. ಗದಗಿನಲ್ಲಿರುವ ಅವರ ತಂಗಿ ಒಂದು ಸಂದೇಶ ಕಳಿಸಿದ್ದಳು. ನೀಲಿ ನೀರಿನಿಂದ ಹೊರಡುವ ಕಿರಣಗಳು ನಾಯಿಯ ಮೆದುಳಿಗೆ ತಾಗುತ್ತವೆ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ನಮ್ಮ ಹಿರಿಯರಿಗೆ ಇದು ಮೊದಲೇ ತಿಳಿದಿತ್ತು, ಹತ್ತು ಜನರಿಗೆ ಕಳಿಸಿ. ಕಾಕು ಅದನ್ನು ನನ್ನ ಕೈಯಿಂದ ಓದಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾ ಹೇಳಿದಾಗ ಅದರ ಮೈಮ್ಯಾಲ ಅರಿವಿ ಇರಲಿಲ್ಲವಾ. ಈಗ ನೋಡು, ಕೋಟು ಹಾಕ್ಕೊಂಡು ನನಗ ಬುದ್ಧಿ ಹೇಳಾಕ ಬಂದೈತಿ."

ನಕ್ಕವರು ಮೊಬೈಲು ಕೆಳಗಿಟ್ಟರು. ಆಮೇಲೆ ಕಾಕಾನ ಕಣ್ಣಿನ ಸಂಗತಿಯನ್ನೂ, ಬಾಟ್ಲಿ ಯಾತಕ್ಕೆ ಕಟ್ಟಿದ್ದೆಂಬುದನ್ನೂ ಹೇಳಿದರು. ಈಗ ಓಣಿ ತುಂಬ ನೀಲಿ, ಇವರು ಯಾವುದನ್ನು ಹಿಡಿದು ಮನೆಗೆ ಬರಬೇಕು ಎಂದು ಕೇಳಿದರು. ನಾನು ಮನೆಗೆ ಹೋಗಿ ನಮ್ಮ ಬಾಟ್ಲಿ ಬಿಚ್ಚಿ ಚರಂಡಿಗೆ ಸುರಿದೆ. ಒಂದು ಹೋದರೆ ಏನು, ಉಳಿದವು ಹಾಗೇ ಹೊಳೆಯುತ್ತಿದ್ದವು.

ಆ ವಾರವೇ ಆಗಬಾರದ್ದು ಆಯಿತು. ಕಾಕಾ ಸಂಜೆ ಹೊಳ್ಳಿ ಬರುವಾಗ ನೀಲಿಯನ್ನು ಹಿಡಿದು ಮ್ಯಾನೇಜರರ ಮನೆಯೊಳಗೆ ಹೋದರು. ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ, ಪಡಸಾಲೆಯ ಕುರ್ಚಿಯಲ್ಲಿ ಕೂತು "ಏ, ಒಂದೀಟು ನೀರು ತಾ" ಎಂದರು. ಒಳಗಿನಿಂದ ಬಂದ ಮ್ಯಾನೇಜರರ ಸೊಸೆ ಹೌಹಾರಿ ಕೂಗಿದಳು. ಕಾಕಾ ಗಾಬರಿಯಾಗಿ ಎದ್ದು, ಬಾಗಿಲೆಂದುಕೊಂಡು ಕಿಟಕಿಗೆ ಹಣೆ ಬಡಿಸಿಕೊಂಡು, ಒಂದೇ ಚಪ್ಪಲಿಯಲ್ಲಿ ಹೊರಬಿದ್ದರು.

ಮ್ಯಾನೇಜರರು ಓಣಿಯಲ್ಲಿ ನಿಂತು ಹೆಬ್ಬೆರಳನ್ನು ಬಾಯಿಗೆ ಆನಿಸಿ ತೋರಿಸಿದರು. "ದಿನಾ ಸಂಜಿಮುಂದ ಎಲ್ಲಿಗೆ ಹೋಗತಾರ ಅಂತ ಈಗ ಗೊತ್ತಾತು ಬಿಡ್ರಿ."

ಮರುದಿನದ ಹೊತ್ತಿಗೆ ಕಾಕಾ ಕುಡಿಯುತ್ತಾರೆಂದು ಓಣಿಗೆಲ್ಲ ಗೊತ್ತಿತ್ತು. ಇದು ನೀಲಿ ನೀರಿಗಿಂತ ಜಲ್ದಿ ಹಬ್ಬಿತು, ಇದಕ್ಕೆ ಬಾಟ್ಲಿಯೂ ಬೇಕಿರಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಆಗದೆ ಚಹಾ ಕೂಡ ಮುಟ್ಟದ ಮನುಷ್ಯ ಕುಡುಕ ಆದರು. ಮೊದಲಿಂದಲೂ ನನಗೆ ಸಂಶಯವಿತ್ತು ಎಂದು ನನ್ನ ಮುಂದೆ ಹೇಳಿದವರೇ ಎಷ್ಟು ಮಂದಿ. ಎಲ್ಲರ ಸಂಶಯವೂ ಒಂದೇ ದಿನ ಹುಟ್ಟಿತ್ತು. ಥೂ, ಇವರ ಜಲ್ಮಕ್ಕಿಷ್ಟು.

ಕಾಕಾ ಹೊರಗೆ ಹೋಗುವುದನ್ನು ಬಿಟ್ಟರು. ಸಂಜೆಯಾದರೆ ಗೋಡೆಗೆ ಆತು ಕೂತು, ಓಣಿಯಲ್ಲಿ ಯಾವುದಾದರೂ ಗಾಡಿ ಹೋದರೆ ಅದರ ಗೇರ್ ಸರಿ ಬೀಳಲಿಲ್ಲ ಎಂದು ತಮ್ಮಷ್ಟಕ್ಕೆ ಅನ್ನುವರು. ಕಾಕು ಅದನ್ನು ನೋಡುತ್ತ ಕೆಲವು ದಿನ ತಡೆದರು. ಆಮೇಲೆ ತಡೆಯಲಿಲ್ಲ.

ಗಣಪತಿ ಹಬ್ಬದ ವಂತಿಗೆ ಪಟ್ಟಿ ಕೂಡಿಸಲು ಓಣಿಯ ಮಂದಿ ಖಾಲಿ ಜಾಗದಲ್ಲಿ ಸೇರಿದ್ದರು. ಹೋದ ವರ್ಷ ಪಕ್ಕದ ಓಣಿಯವರು ಕೂರಿಸಿದ್ದಂಥ ಗಣಪತಿಯೇ ಬೇಕು, ಆದರೆ ಅದಕ್ಕಿಂತ ಒಂದು ಗೇಣು ಎತ್ತರ ಇರಬೇಕು ಎಂಬುದು ಚರ್ಚೆ. ಕಾಕು ಎದ್ದು ನಿಂತರು. ಸೀರೆಯ ಸೆರಗಿಗೆ ಹಿಟ್ಟು ಹತ್ತಿತ್ತು.

"ಎಲ್ಲಾರೂ ಕೇಳ್ರಿ. ಆ ಬಾಟ್ಲಿ ನಾಯಿ ಸಲುವಾಗಿ ಕಟ್ಟಿದ್ದಲ್ಲ. ನಮ್ಮ ಮನಿಯವ್ರಿಗೆ ಕಣ್ಣು ಕಾಣಂಗಿಲ್ಲ. ಮನಿ ಗುರುತು ಸಿಗಲಿ ಅಂತ ನಾ ಕಟ್ಟಿದ್ದು. ನಾಯಿ ಅಂತ ನಾನ ಸುಳ್ಳು ಹೇಳಿದ್ದೆ. ಅವರು ಕುಡಿಯಂಗಿಲ್ಲ. ನಿಮಗ ಕೈ ಮುಗೀತೇನಿ, ನಿಮ್ಮ ಬಾಟ್ಲಿ ಬಿಚ್ಚರಿ."

ಇನ್ನೇನು ಒಬ್ಬರಾದರೂ ಎದ್ದು ಹೋಗಿ ಬಿಚ್ಚುತ್ತಾರೆ ಎಂದುಕೊಂಡೆ. ಮ್ಯಾನೇಜರರು ಕನ್ನಡಕ ಒರೆಸಿಕೊಂಡರು.

"ಅಯ್ಯ, ಪಾಪ. ಹೇಳಬಾರದೇನ್ರೀ ಮೊದಲ," ಎಂದರು. "ಆದ್ರ ಕಾಕು, ಬಾಟ್ಲಿ ಕಟ್ಟಿದಾಗಿಂದ ನಾಯಿ ಕಡಿಮಿ ಆಗಿದ್ದಂತೂ ಖರೇ."

"ಖರೇನ ರೀ," ಎಂದರು ಅವರ ಪಕ್ಕದವರು.

"ಖರೇ, ಖರೇ," ಎಂದಿತು ಓಣಿ. ಕಂದು ನಾಯಿ ಅವರ ನಡುವೆಯೇ ಮೈ ಕೆರೆದುಕೊಳ್ಳುತ್ತ ಕೂತಿತ್ತು.

ಕಡೆಗೆ ಒಬ್ಬರು ದೊಡ್ಡ ಮನಸ್ಸು ಮಾಡಿ, ಕಾಕು ಬೇರೆ ಬಣ್ಣ ಕಟ್ಟಲಿ ಎಂದು ಸೂಚಿಸಿದರು. ಕಾಕು ಮನೆಗೆ ಬಂದು ಹಸಿರು ನೀರು ಕಟ್ಟಿದರು. ಆ ತಿಂಗಳು ಮುಗಿಯುವ ಮೊದಲು ಓಣಿಯಲ್ಲಿ ಹಸಿರು ಬಾಟ್ಲಿಗಳು ಕಾಣಿಸಿಕೊಂಡವು. ನೀಲಿಗೆ ನಾಯಿಗಳು ರೂಢಿಯಾಗಿಬಿಟ್ಟಿವೆ, ಹಸಿರು ಹೆಚ್ಚು ಪವರ್ ಅಂತೆ. ಕೂಟದಲ್ಲಿ ಕೂತು ಕಿವಿಯಾರೆ ಕೇಳಿದವರೇ ಕಟ್ಟಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಕೆಟ್ಟವನಿಗೆ ಒಂದು ಸ್ವಂತ ಉದ್ದೇಶವಾದರೂ ಇರುತ್ತದೆ.

ಇತ್ತ ಕಾಕಾಗೆ ಸುದ್ದಿ ಮುಟ್ಟಿತ್ತು. ಆಣೆ ಮುರಿದಳೆಂದು ಹೆಂಡತಿಯ ಜೊತೆ ಮಾತು ಬಿಟ್ಟರು, ಗೋಡೆಗೆ ಮುಖ ಮಾಡಿ ಉಂಡರು. ಕಾಕು ಗಂಗಾಳ ಮುಂದೆ ಇಟ್ಟು ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಸಿಟ್ಟು ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಚಹಾದಂಗಡಿಗೆ ಹೋಗಿ ಅಲ್ಲೆ ಕುಂತು ಮಾಡ್ರಿ. ನೀವು ಹೊಳ್ಳಿ ಬರೂಹಂಗ ನಾ ಮಾಡತೇನಿ."

ಮರುದಿನ ಸಂಜೆ ಕಾಕು ಹಿಂದಿನ ಅಡಿಗೆಮನೆಯಿಂದ ಒಲೆ, ಹಂಚು, ರೊಟ್ಟಿ ಬಡಿಯುವ ಹಲಗೆ ಎಲ್ಲವನ್ನೂ ಮುಂದಿನ ಕಟ್ಟೆಗೆ ತಂದರು. ಬೆಳಗಿನ ರೊಟ್ಟಿಗಳಲ್ಲಿ ಅರ್ಧವನ್ನು ಸಂಜೆಗೆ ಹಾಕಿಕೊಂಡರು. ಕಾಕಾ ಚಹಾದಂಗಡಿಗೆ ಹೋಗಿದ್ದರು, ಅವರು ಹೊಳ್ಳಿ ಬರುವ ಹೊತ್ತಿಗೆ ಬಡಿಯಲು ಕೂತರು. ಎರಡು ಬಡಿತ, ಒಂದು ಸುತ್ತು. ಎರಡು ಬಡಿತ, ಒಂದು ಸುತ್ತು. ಆ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಕಾಕಾ ಅಲ್ಲಿ ನಿಂತು, ಎಂಜಿನ್ನಿನ ಸದ್ದು ಕೇಳುವವರ ಹಾಗೆ ತಲೆ ವಾಲಿಸಿ ಕೇಳಿ, ಕೈ ಬೆನ್ನ ಹಿಂದೆ ಇಟ್ಟುಕೊಂಡು ನಡೆದು ಬಂದರು. ನೀಲಿ ಹಸಿರುಗಳ ನಡುವಿನಿಂದ ನೆಟ್ಟಗೆ ತಮ್ಮ ಗೇಟಿಗೇ ಬಂದರು. ಕಾಕುನ ಕಣ್ಣಿನಲ್ಲಿ ನೀರು ಬಂತು, ಹೊಗೆ ಎಂದರು.

ಇದನ್ನೂ ನಾಳೆ ಎಲ್ಲರೂ ಮಾಡತೊಡಗಿದರೆ ಎಂದು ನನಗೆ ಭಯ. ಕಾಕು ನಕ್ಕರು. "ಹುಚ್ಚಿ, ಬೆವರು ಬರೂವಂಥಾದ್ದನ್ನ ಯಾರೂ ನಕಲು ಮಾಡಂಗಿಲ್ಲ." ಅದು ನಿಜವಾಯಿತು. ಮ್ಯಾನೇಜರರು ಬಂದು ಹೊರಗೆ ಯಾಕೆ ರೊಟ್ಟಿ ಬಡಿಯುತ್ತೀರಿ ಎಂದು ಕೇಳಿದರು. ಈ ಸಲ ಕಾಕು ಖರೇ ಹೇಳಿದರು. ಖರೇ ಆದದ್ದಕ್ಕೋ ಏನೋ, ಆ ಮಾತು ಮೂಲೆಮನೆಯನ್ನೂ ದಾಟಲಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕು ಹೋದರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಓಣಿಯವರೆಲ್ಲ ಬಂದರು. ಒಬ್ಬರು "ದೊಡ್ಡ ಜೀವ" ಎಂದರು, ಆಮೇಲೆ ಬಂದವರೆಲ್ಲ "ದೊಡ್ಡ ಜೀವ" ಎಂದರು. ಮಣ್ಣು ಮುಗಿಸಿ ಬಂದ ಮೇಲೆ ಮ್ಯಾನೇಜರರು ಎರಡು ಮಾತು ಆಡಿದರು. ನಾಯಿಗೆ ಬಾಟ್ಲಿ ಕಟ್ಟುವುದನ್ನು ನಮ್ಮ ಓಣಿಗೆ ಕಲಿಸಿಕೊಟ್ಟ ಪುಣ್ಯಾತ್ಗಿತ್ತಿ, ಅವರ ಉಪಕಾರ ನಾವು ಮರೆಯಬಾರದು ಎಂದರು. ಎಲ್ಲರೂ ತಲೆ ಆಡಿಸಿದರು. ಕಾಕಾ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ನನಗೆ ಆ ಮನುಷ್ಯನ ಬಾಯಿಗೆ ಹಸಿ ಹಿಟ್ಟು ಮೆತ್ತಬೇಕು ಅನಿಸಿತು.

ಕರ್ಮಗಳು ಮುಗಿದು ಸ್ವಲ್ಪ ದಿನಕ್ಕೆ ಕಾಕಾ ಮತ್ತೆ ಹೊರಗೆ ಹೊರಟರು. ಮಗ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಕಿಟಕಿಯಿಂದ ನೋಡಿದರೆ ಹೊಳ್ಳಿ ಬಂದ ಕಾಕಾ ಓಣಿಯ ತುದಿಯಲ್ಲಿ ನಿಂತಿದ್ದಾರೆ. ತಲೆ ವಾಲಿಸಿ ಕೇಳುತ್ತಿದ್ದಾರೆ, ಕೇಳಲು ಏನೂ ಇಲ್ಲ. ಮುಂದೆ ಎರಡೂ ಕಡೆ ಬಾಟ್ಲಿಗಳು ಹೊಳೆಯುತ್ತಿದ್ದವು. ಅವರು ಒಂದು ಹೆಜ್ಜೆ ಇಟ್ಟು ಮತ್ತೆ ಹಿಂದಕ್ಕೆ ತೆಗೆದರು. ಹೋಗಿ ಕೈ ಹಿಡಿದರೆ ನಾಳೆಯಿಂದ ಈ ಮನುಷ್ಯ ಮನೆ ಬಿಟ್ಟು ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಟ್ಟಿನ ಪರಾತ ಎತ್ತಿಕೊಂಡು ರಸ್ತೆ ದಾಟಿ ಓಡಿದೆ. ಕಾಕುನ ಹಲಗೆ ಕಟ್ಟೆಯ ಮೇಲೆ ಗೋಡೆಗೆ ಒರಗಿತ್ತು. ಹಾಕಿಕೊಂಡು ಕೂತು ಬಡಿಯತೊಡಗಿದೆ.

ಕಾಕಾ ಬಂದರು. ನಿಧಾನವಾಗಿ, ನಡುನಡುವೆ ನಿಂತು, ಗೇಟಿನವರೆಗೆ ಬಂದು ಕಬ್ಬಿಣದ ನವಿಲಿನ ಕತ್ತು ಹಿಡಿದುಕೊಂಡರು.

"ಇದು ಅಕಿ ಬಡತ ಅಲ್ಲ," ಎಂದರು.

"ಅಲ್ರೀ ಕಾಕಾ. ನಾನ್ರೀ, ಎದರಮನ್ಯಾಕಿ."

"ಅಕಿ ಎರಡು ಬಡದು ಒಂದು ಸುತ್ತು ತಿರುವತಿದ್ಲು. ನೀ ಬರೇ ಬಡ್ಯಾಕತ್ತಿ."

ನನ್ನ ಕೈ ನಿಂತಿತು. ನೋಡಿದರೆ ಕಿರುಬೆರಳು ಮೇಲೆದ್ದು ನಿಂತಿದೆ, ಥೇಟ್ ಕಾಕುನ ಹಾಗೆ. ನನ್ನ ಬೆರಳಿಗೆ ಏನೂ ಆಗಿಲ್ಲ. ಚಟ್ಟನೆ ಒಂದು ಕೊಡಲು ಅವರಿಲ್ಲ. ಅಳು ಬಂತು, ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡೆ.

ಕಾಕಾ ಗೇಟು ದಾಟಿ ಒಳಗೆ ಬಂದು, ಕಟ್ಟೆಯ ಮೆಟ್ಟಿಲಿಗಾಗಿ ಕಾಲಿನಿಂದ ನೆಲ ತಡವುತ್ತ ನಿಂತಿದ್ದರು.

"ನಿಲ್ಲಸಬ್ಯಾಡ ತಂಗಿ," ಎಂದರು. "ಇನ್ನೂ ಪಾವಟಿಗಿ ಸಿಕ್ಕಿಲ್ಲ."